ಟಿಪ್ಸ್ ಕಡ್ಡಾಯ ಅಂದ್ಮೇಲೆ ಬೋರ್ಡ್ ಮೇಲೇ ಬರೆದು ಹಾಕ್ರಪ್ಪಾ!

ವಿದೇಶಕ್ಕೆ ಹೋದಾಗ ಜನ ಮಸಾಜ್ ಯಾಕೆ ಮಾಡಿಸಿಕೊಳ್ಳುತ್ತಾರೆ? ಊರೆಲ್ಲ ಸುತ್ತಿ ಕಾಲು ಬಿದ್ದುಹೋಗಿರುತ್ತದೆ, ಒಂದು ಗಂಟೆ ಏನೂ ಯೋಚನೆ ಮಾಡದೆ ಬಿದ್ದುಕೊಳ್ಳೋಣ ಅಂತ. ಆದರೆ ಕೊನೆಯ ಹತ್ತು ನಿಮಿಷ ಮೈ ಮಂಚದ ಮೇಲೆ, ಮನಸ್ಸು ಪರ್ಸ್ ಒಳಗೆ. ಚಿಲ್ಲರೆ ಇದೆಯಾ? ಎಷ್ಟು ಕೊಟ್ಟರೆ ಸರಿ? ಕಡಿಮೆ ಆಯಿತು ಅಂತ ಮುಖ ಸಿಂಡರಿಸಿದರೆ? ಇದೆಂಥಾ ವಿಶ್ರಾಂತಿ ಸ್ವಾಮಿ!

ವಿಯೆಟ್ನಾಂನ ಒಂದು ಮಸಾಜ್ ಅಂಗಡಿಯಲ್ಲಿ ನನಗೆ ಸಿಟ್ಟು ನೆತ್ತಿಗೇರಿತು. ಹೊರಗಿನ ಬೋರ್ಡಿನಲ್ಲಿ ದೊಡ್ಡಕ್ಷರದಲ್ಲಿ ಒಂದು ರೇಟು. ಒಳಗೆ ಎಲ್ಲ ಮುಗಿದ ಮೇಲೆ ಕೈಗೆ ಒಂದು ಲೋಟ ಚಹಾ, ಜೊತೆಗೆ ಒಂದು ಚೀಟಿ, ಒಂದು ಪೆನ್ನು. ಟಿಪ್ಸ್ ಎಷ್ಟು ಅಂತ ನಾವೇ ಬರೆಯಬೇಕಂತೆ. ಸರಿ, ಬರೆಯೋಣ ಅಂದರೆ ಅದರಲ್ಲಿ ಅಲ್ಲಿನ ದುಡ್ಡಿನ ಲೆಕ್ಕದಲ್ಲಿ 'ಕನಿಷ್ಠ ಇಷ್ಟು ಡಾಂಗ್' ಅಂತ ಮೊದಲೇ ಅಚ್ಚಾಗಿದೆ! ಕನಿಷ್ಠ ಮೊತ್ತ ನೀವೇ ಹಾಕಿದ ಮೇಲೆ ಪೆನ್ನು ಯಾಕೆ ಕೊಡುತ್ತೀರಿ? ಸಾಲದ್ದಕ್ಕೆ, ಮಸಾಜ್ ಮಾಡಿದ ಹೆಣ್ಣುಮಗಳನ್ನು ನನ್ನ ಪಕ್ಕದಲ್ಲೇ ನಿಲ್ಲಿಸಿದ್ದರು. ಆಕೆ ನೆಲ ನೋಡುತ್ತಿದ್ದಾಳೆ, ನಾನು ಚೀಟಿ ನೋಡುತ್ತಿದ್ದೇನೆ. 'ಇದು ರೇಟಿನಲ್ಲಿ ಸೇರಿಲ್ವಾ?' ಅಂತ ಕೇಳಿದ್ದಕ್ಕೆ ಕೌಂಟರಿನವನು ನಗುತ್ತಾ, 'ಇಲ್ಲ, ಟಿಪ್ಸೇ ಅವರ ಸಂಬಳ' ಅಂದ.

ಇಷ್ಟು ಧೈರ್ಯವಾಗಿ ಹೇಳುತ್ತಾನಲ್ಲ! ಬೋರ್ಡಿನ ರೇಟು ಹಾಗಾದರೆ ಯಾರಿಗೆ ಹೋಯಿತು? ನಾನು ಕೊಟ್ಟಿದ್ದು ಮಂಚಕ್ಕೆ, ಎಣ್ಣೆಗೆ, ಎಸಿಗೆ ಬಾಡಿಗೆಯಾ? ಕೈ ಸೋಲುವವರೆಗೆ ದುಡಿದವಳ ಕೂಲಿ ನನ್ನ ದಾಕ್ಷಿಣ್ಯದ ಮೇಲೆ ನಿಂತಿದೆ. ಕೊಡದಿದ್ದರೆ ಜಿಪುಣ ನಾನು, ಸಂಬಳ ಕೊಡದ ಮಾಲೀಕ ಮಾತ್ರ ಒಳ್ಳೆಯವನು.

ಇನ್ನು ಬೇರೆ ದೇಶಗಳ ಕಥೆ ಕೇಳಿ. ಥಾಯ್ಲೆಂಡಿನಲ್ಲಿ ಒಂದು ಗಂಟೆಯ ಮಸಾಜ್‌ಗೆ 50ರಿಂದ 100 ಬಾತ್ ಟಿಪ್ಸ್ ಕೊಡುವುದು ವಾಡಿಕೆ. ಅಲ್ಲಿ ಎಷ್ಟೋ ಕಡೆ ಮಸಾಜ್ ಮಾಡುವವರಿಗೆ ತಲೆಗಿಷ್ಟು ಅಂತ ಕಮಿಷನ್, ಗಿರಾಕಿ ಬರದ ದಿನ ಕೈ ಖಾಲಿ. ಹಾಗಾಗಿ ನನಗೆ ಆ ದುಡ್ಡು ಕೊಡಲು ಬೇಜಾರಿಲ್ಲ, ನೇರವಾಗಿ ಅವರ ಕೈಗೇ ಕೊಡುತ್ತೇನೆ. ಬಾಲಿಗೆ ಹೋದರೆ ರೇಟಿನ ಪಕ್ಕ ಎರಡು ಪ್ಲಸ್ ಚಿಹ್ನೆ. ಒಂದು ತೆರಿಗೆ, ಇನ್ನೊಂದು ಸರ್ವಿಸ್ ಚಾರ್ಜ್. ಎರಡೂ ಸೇರಿ ಬಿಲ್ಲು ಸುಮಾರು ಶೇ. 21ರಷ್ಟು ಉಬ್ಬುವುದು ಸಾಮಾನ್ಯ. ಅದಾದ ಮೇಲೂ ಕೌಂಟರಿನಲ್ಲಿ ಟಿಪ್ಸ್ ಡಬ್ಬಿ ಇಟ್ಟಿರುತ್ತಾರೆ. ಸರ್ವಿಸ್ ಚಾರ್ಜ್ ಮಸಾಜ್ ಮಾಡಿದವರಿಗೆ ಹೋಗುತ್ತದಾ ಅಂತ ಕೇಳಿ ನೋಡಿ, ಒಂದು ಮುಗುಳ್ನಗೆ ಸಿಗುತ್ತದೆ, ಅಷ್ಟೇ. ಟರ್ಕಿಯ ಹಮಾಮ್‌ಗಳಲ್ಲಿ, ಅಂದರೆ ಹಬೆಯ ಸ್ನಾನಗೃಹಗಳಲ್ಲಿ, ಉಜ್ಜಿ ತೊಳೆದವರು ಬಾಗಿಲ ಹತ್ತಿರ ಬಂದು ನಿಲ್ಲುವುದುಂಟು. ಟವೆಲ್ ಸುತ್ತಿಕೊಂಡವನಿಗೆ ಜೇಬು ಎಲ್ಲಿರುತ್ತದೆ ಮಾರಾಯ್ರೇ?

ಅಮೆರಿಕದ್ದಂತೂ ಕೇಳಲೇಬೇಡಿ. ಶೇ. 15ರಿಂದ 20 ಕೊಡದಿದ್ದರೆ ಅವಮಾನ ಮಾಡಿದ ಹಾಗೆ. ಕಾರ್ಡ್ ಉಜ್ಜಿದ ತಕ್ಷಣ ಪರದೆ ನಮ್ಮ ಕಡೆ ತಿರುಗುತ್ತದೆ: 18, 20, 25. 'ಟಿಪ್ಸ್ ಬೇಡ' ಅನ್ನುವ ಬಟನ್ ಮೂಲೆಯಲ್ಲಿ ಚಿಕ್ಕದಾಗಿ ಅಡಗಿಕೊಂಡಿರುತ್ತದೆ. ಟಿಪ್ಸ್ ಸಿಗುವ ಕೆಲಸಗಾರರಿಗೆ ಮಾಲೀಕ ತನ್ನ ಕೈಯಿಂದ ಕೊಡಲೇಬೇಕಾದ ಕನಿಷ್ಠ ಕೂಲಿ ಅಲ್ಲಿನ ಫೆಡರಲ್ (ಕೇಂದ್ರ) ಕಾನೂನಿನಲ್ಲಿ ಗಂಟೆಗೆ ಬರೀ 2.13 ಡಾಲರ್. 1991ರಿಂದ ಅಷ್ಟೇ ಇದೆ! ಕೆಲವು ರಾಜ್ಯಗಳು ಜಾಸ್ತಿ ಮಾಡಿವೆ, ಅದು ಬೇರೆ ಮಾತು. ಮಿಕ್ಕಿದ್ದು ಗಿರಾಕಿ ತುಂಬಿಕೊಡಲಿ ಅಂತ ಲೆಕ್ಕ.

ಬ್ರಿಟನ್‌ನಲ್ಲಿ 2024ರ ಅಕ್ಟೋಬರ್‌ನಿಂದ ಒಂದು ಕಾನೂನು ಜಾರಿಗೆ ಬಂತು. ಟಿಪ್ಸ್ ಆಗಲಿ, ಸರ್ವಿಸ್ ಚಾರ್ಜ್ ಆಗಲಿ, ಮಾಲೀಕರು ಪಾಲು ಮುರಿದುಕೊಳ್ಳದೆ ಕೆಲಸಗಾರರಿಗೇ ಕೊಡಬೇಕು. ಒಳ್ಳೆಯದೇ. ಆದರೆ ಕಾನೂನು ತರಬೇಕಾಯಿತು ಅಂದರೆ ಅಷ್ಟು ದಿನ ಏನು ನಡೆಯುತ್ತಿತ್ತು ಅಂತ ನೀವೇ ಊಹಿಸಿಕೊಳ್ಳಿ.

ಟಿಪ್ಸ್ ಇಲ್ಲದೆ ನಡೆಸುವುದು ಆಗದ ಕೆಲಸ ಅಂತಲೂ ಹೇಳುವ ಹಾಗಿಲ್ಲ. ಜಪಾನ್‌ನಲ್ಲಿ ಟಿಪ್ಸ್ ಪದ್ಧತಿಯೇ ಇಲ್ಲ. ಕೊಡಲು ಹೋದರೆ ಮುಜುಗರ ಪಟ್ಟುಕೊಂಡು ವಾಪಸ್ ಕೊಟ್ಟಾರು. ಬೋರ್ಡಿನಲ್ಲಿ ಇದ್ದಷ್ಟು ಕೊಡಿ, ಚಪ್ಪಲಿ ಹಾಕಿಕೊಳ್ಳಿ, ಹೊರಡಿ. ಹಾಗಂತ ಅಲ್ಲಿ ಮಸಾಜ್ ಮಾಡುವವರ ಕೈಚಳಕ ಏನು ಕಡಿಮೆಯಾ?

ನಮ್ಮ ಪ್ರವಾಸಿಗರಲ್ಲೂ ಕೆಲವರಿದ್ದಾರೆ. ರೇಟಿಗೂ ಚೌಕಾಸಿ ಮಾಡಿ, ಕೊನೆಗೆ ಜೇಬಿನಲ್ಲಿ ಉಳಿದ ಬೇರೆ ದೇಶದ ನಾಣ್ಯ ಮಸಾಜ್ ಮಾಡಿದವಳ ಕೈಗಿಟ್ಟು ಬರುತ್ತಾರೆ. ನಾಣ್ಯಗಳನ್ನು ಹಣ ಬದಲಾಯಿಸುವ ಅಂಗಡಿಯವರೂ ಸಾಮಾನ್ಯವಾಗಿ ಮುಟ್ಟುವುದಿಲ್ಲ. ಅದನ್ನು ಇಟ್ಟುಕೊಂಡು ಆಕೆ ಏನು ಮಾಡಬೇಕು?

'ಅಷ್ಟು ಖರ್ಚು ಮಾಡಿ ವಿಮಾನ ಹತ್ತಿದವರು ಇಷ್ಟಕ್ಕೆ ಕೊಸರಾಡ್ತೀರಲ್ಲ' ಅಂತ ಒಬ್ಬರು ನನಗೇ ಹೇಳಿದರು. ಅಲ್ಲ ರೀ, ಬೋರ್ಡಿನಲ್ಲೇ ಒಂದೂವರೆ ಪಟ್ಟು ಹಾಕಿದ್ದರೂ ನಾನು ಕೊಡುತ್ತಿದ್ದೆ. ಕಡಿಮೆ ರೇಟು ತೋರಿಸಿ ಒಳಗೆ ಕರೆದು, ಆಮೇಲೆ ದುಡಿದವರನ್ನೇ ಎದುರಿಗೆ ನಿಲ್ಲಿಸಿ ವಸೂಲಿ ಮಾಡುವುದಕ್ಕೆ ನನ್ನ ತಕರಾರು.

ಈಗ ನಾನು ಮಲಗುವ ಮೊದಲೇ ಕೌಂಟರಿನಲ್ಲಿ ಕೇಳುತ್ತೇನೆ. ಕೊನೆಗೆ ಒಟ್ಟು ಎಷ್ಟು? ಸರ್ವಿಸ್ ಚಾರ್ಜ್ ಇದೆಯಾ? ಇದ್ದರೆ ಮಸಾಜ್ ಮಾಡುವವರಿಗೆ ಸಿಗುತ್ತದಾ? ನೆಟ್ಟಗೆ ಉತ್ತರ ಬಂದರೆ ಒಳಗೆ, ಬರೀ ನಕ್ಕರೆ ಪಕ್ಕದ ಅಂಗಡಿಗೆ.