ವಿಮಾನ ಬರುವ ಮೊದಲು ಅದಕ್ಕೇನನ್ನುತ್ತಿದ್ದರು?

ಜಪಾನಿನ ದಕ್ಷಿಣ ತುದಿಯ ಒಕಿನಾವಾದ ನಾಹಾ ಊರಿನಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ಅಂಗಳದ ತಂತಿಯ ಮೇಲೆ ಕೂತ ಏರೋಪ್ಲೇನ್ ಚಿಟ್ಟೆಯನ್ನು ತೋರಿಸಿ ‘ಆಕೇಜೂ’ ಎಂದರು. ನಾನು ಕಲಿತ ಜಪಾನಿ ಭಾಷೆಯಲ್ಲಿ ಅದು ‘ತೊಂಬೊ’. ಆಫೀಸಿನಲ್ಲಿ ಈ ಮಾತು ಎತ್ತಿದರೆ, ಈಶಾನ್ಯ ಜಪಾನಿನ ಮಿಯಾಗಿ ಕಡೆಯ ಸಹೋದ್ಯೋಗಿ ಕಣ್ಣರಳಿಸಿದ: “ನಮ್ಮಜ್ಜಿ ಅಕೆಜು ಅಂತಿದ್ದರು!” ಇವನೂರಿಗೂ ಒಕಿನಾವಾಗೂ ನಡುವೆ 1,500 ಕಿಲೋಮೀಟರಿಗೂ ಹೆಚ್ಚು ದೂರ.

ಇಬ್ಬರು ಅಜ್ಜಿಯರ ಮಾತಿಗೂ ಮೂಲ ಒಂದೇ. 712ರ ‘ಕೊಜಿಕಿ’ ಎಂಬ ಜಪಾನಿನ ಹಳೆಯ ಪುರಾಣಗ್ರಂಥದಲ್ಲಿ ಯೂರ್ಯಾಕು ದೊರೆಯ ತೋಳಿಗೆ ಕಚ್ಚಿದ ನೊಣವನ್ನು ಹಾರಿಬಂದು ತಿಂದದ್ದು ‘ಅಕಿಜು’. ನಡುನಾಡಿನಲ್ಲಿ ಆಮೇಲೆ ಹಬ್ಬಿದ ತೊಂಬೊ ಎರಡು ತುದಿಗಳನ್ನು ಪೂರ್ತಿ ಮುಟ್ಟಲಿಲ್ಲ. ಹೊಸ ಮಾತು ಹಳೆಯ ರಾಜಧಾನಿ ಕ್ಯೋಟೋದಿಂದ ಅಲೆಯಂತೆ ಹರಡುತ್ತದೆ, ಹಳೆಯದು ಅಂಚಿನಲ್ಲಿ ಉಳಿಯುತ್ತದೆ ಎಂದು ಜಾನಪದ ವಿದ್ವಾಂಸ ಯಾನಗಿತಾ ಕುನಿಯೊ 1930ರಲ್ಲೇ ಬಸವನಹುಳುವಿನ ಹೆಸರುಗಳನ್ನು ಹಿಡಿದು ವಾದಿಸಿದ್ದರು. ಮುಂದೆ ರಾಷ್ಟ್ರೀಯ ಭಾಷಾ ಸಂಶೋಧನಾ ಸಂಸ್ಥೆಯವರು ಸುಮಾರು 2,400 ಊರುಗಳ ಹಿರಿಯರನ್ನು ಕೇಳಿ, 1966ರಿಂದ 1974ರವರೆಗೆ ಎಲ್ಲಿ ಯಾವ ಮಾತು ಎಂದು ತೋರಿಸುವ ಭೂಪಟಗಳನ್ನೇ ಅಚ್ಚು ಹಾಕಿದರು. ಅದರಲ್ಲಿ ಈ ಹುಳುವಿಗೂ ಒಂದು ಭೂಪಟವಿದೆ. ಒಂದು ಹುಳುವಿಗೆ!

ನನಗೆ ಹೊಟ್ಟೆ ಉರಿಯಿತು. ಊರಿಗೆ ಫೋನ್ ಮಾಡಿ ಅಮ್ಮನನ್ನು ಕೇಳಿದೆ: ವಿಮಾನ ಬರೋಕೆ ಮುಂಚೆ ಇದಕ್ಕೆ ಏನಂತಿದ್ರಿ? “ನಿಮ್ಮಜ್ಜಿ ಏನೋ ಅಂತಿದ್ರು ಕಣೋ, ಮರ್ತೇಹೋಯ್ತು.” ಗೆಳೆಯನೊಬ್ಬ ಕೊಡತಿ ಹುಳ ಎಂದ. ಯಾವ ತಾಲ್ಲೂಕಿನಲ್ಲಿ ಯಾವ ಹೆಸರು, ಎಲ್ಲಿಂದ ಎಲ್ಲಿಗೆ ನಡೆಯಿತು? ಇಂಥದ್ದನ್ನು ಕೇಳುವ ಮೊದಲೇ ನಾವು ‘ಅದು ಹಳ್ಳಿ ಮಾತು, ಪುಸ್ತಕದಲ್ಲಿ ಇರೋದನ್ನ ಬರಿ’ ಎಂದು ಮಕ್ಕಳನ್ನು ತಿದ್ದಿಬಿಡುತ್ತೇವೆ. ನನ್ನನ್ನೂ ಹಾಗೇ ತಿದ್ದಿದ್ದರು. ಅಜ್ಜಿಯ ಮಾತು ಅಜ್ಜಿಯ ಜೊತೆಗೇ ಹೋಯಿತಲ್ಲ ಎಂಬ ಸಂಕಟ ಇಲ್ಲಿಗೆ ಬಂದ ಮೇಲೆ ಹೆಚ್ಚಾಗಿದೆ.

ಜಪಾನಿನವರೂ ಒಳ್ಳೆಯವರಾಗಿಯೇ ಇದ್ದರು ಎನ್ನಲಾರೆ. ಒಕಿನಾವಾದ ಶಾಲೆಗಳಲ್ಲಿ ಮನೆಮಾತು ಆಡಿದ ಮಗುವಿನ ಕೊರಳಿಗೆ ಹಲಗೆ ಕಟ್ಟುತ್ತಿದ್ದರು. ಒಕಿನಾವಾವೂ ಸೇರಿದ ರ್‍ಯೂಕ್ಯೂ ದ್ವೀಪಗಳ ಆರು ಭಾಷೆಗಳನ್ನು ಯುನೆಸ್ಕೋ 2009ರಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ಪಕ್ಕದ ಮನೆಯ ಅಜ್ಜಿಯ ಮೊಮ್ಮಕ್ಕಳೂ ತೊಂಬೊ ಎಂದೇ ಅನ್ನುತ್ತಾರೆ. ನಮ್ಮಲ್ಲೂ ಕೆಲಸ ಆಗಿಲ್ಲವೆಂದಲ್ಲ: ಉಡುಪಿಯಲ್ಲಿ ಆರು ಸಂಪುಟಗಳ ತುಳು ನಿಘಂಟು ಊರೂರಿನ ರೂಪಗಳನ್ನು ಕೂಡಿಸಿಕೊಂಡೇ 1997ರ ಹೊತ್ತಿಗೆ ಮುಗಿಯಿತು. ನಮ್ಮ ತುಮಕೂರು ಸೀಮೆಯ ಹುಳಹುಪ್ಪಟೆಗಳ ಹೆಸರನ್ನೂ ಯಾರಾದರೂ ಹಾಗೆ ಕೇಳಿ ಬರೆದುಕೊಳ್ಳಲಿ, ಅಮ್ಮನ ವಯಸ್ಸಿನವರು ಇರುವಾಗಲೇ.