ಅಂಕಿಗಳೇ ಇಲ್ಲದ ಲೆಕ್ಕ

"ನಮ್ಮ ಶಾಲೆ ತಾರಸಿ ಮೇಲೆ ಬೀಳುವ ಮಳೆನೀರು ನಮಗೆ ಎಷ್ಟು ದಿನಕ್ಕೆ ಸಾಕಾಗುತ್ತದೆ?"

ಒಂಬತ್ತನೇ ತರಗತಿಯ ಬೋರ್ಡ್ ಮೇಲೆ ಇಷ್ಟೇ ಬರೆದು ಸುಮ್ಮನೆ ನಿಂತೆ. ಮಕ್ಕಳು ಪೆನ್ನು ಹಿಡಿದು ಕಾದರು. ಸ್ವಲ್ಪ ಹೊತ್ತಾದ ಮೇಲೆ ಹಿಂದಿನ ಬೆಂಚಿನ ಹುಡುಗ ಕೇಳಿದ, "ಸಾರ್, ದತ್ತ ಎಲ್ಲಿ?"

ದತ್ತ ಅಂದರೆ ಲೆಕ್ಕದಲ್ಲಿ ಮೊದಲೇ ಕೊಟ್ಟಿರುವ ಅಂಕಿಗಳು. ತಪ್ಪು ಅವನದಲ್ಲ. ತೊಟ್ಟಿಯ ಉದ್ದ ಇಷ್ಟು, ಅಗಲ ಇಷ್ಟು, ನಲ್ಲಿಯಿಂದ ಬರುವ ನೀರು ಇಷ್ಟು ಅಂತ ಎಲ್ಲವನ್ನೂ ನಾವೇ ಕೊಟ್ಟು, ಸೂತ್ರಕ್ಕೆ ಹಾಕುವ ಕೆಲಸವನ್ನಷ್ಟೇ ಮಕ್ಕಳಿಗೆ ಬಿಟ್ಟಿದ್ದೇವೆ. ಏನನ್ನು ಅಳೆಯಬೇಕು, ಯಾವುದನ್ನು ಬಿಡಬೇಕು ಅನ್ನುವುದೇ ಗಣಿತದ ಅರ್ಧ ಪಾಲು. ಆ ಅರ್ಧವನ್ನು ನಾವು ಕಲಿಸುತ್ತಲೇ ಇಲ್ಲ. ಎನ್‌ಸಿಇಆರ್‌ಟಿಯ 9 ಮತ್ತು 10ನೇ ತರಗತಿಯ ಗಣಿತ ಪುಸ್ತಕಗಳ ಕೊನೆಗೆ ಗಣಿತದ ಮಾದರಿ ಕಟ್ಟುವುದರ, ಅಂದರೆ ನಿಜ ಜೀವನದ ಪ್ರಶ್ನೆಯನ್ನು ಲೆಕ್ಕವಾಗಿಸುವುದರ ಬಗ್ಗೆ ಒಂದು ಅನುಬಂಧ ಇತ್ತು. ಎಷ್ಟೋ ವರ್ಷ ನಾನೇ ಅಲ್ಲಿಯವರೆಗೆ ಹೋಗಿರಲಿಲ್ಲ.

ಟೇಪ್ ಹಿಡಿದು ಎಲ್ಲರೂ ತಾರಸಿ ಹತ್ತಿದೆವು. 20 ಮೀಟರ್ ಉದ್ದ, 8 ಮೀಟರ್ ಅಗಲ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸರಿಯಾಗಿ ಒಂದು ಲೀಟರ್ ನೀರು. ಇದನ್ನು ಮಕ್ಕಳೇ ಘನಫಲ ಹಾಕಿ ಕಂಡುಕೊಂಡಾಗ ಅವರ ಮುಖ ನೋಡಬೇಕಿತ್ತು! ಅಂದರೆ ಒಂದು ಮಿಲಿಮೀಟರ್ ಮಳೆಗೆ ನಮ್ಮ ತಾರಸಿಯಲ್ಲಿ 160 ಲೀಟರ್.

ಮಳೆ ಅಳೆಯಲು ಪ್ಲಾಸ್ಟಿಕ್ ಬಾಟಲಿ ಕತ್ತರಿಸಿದೆವು. ತಳ ಉಬ್ಬುತಗ್ಗು ಇತ್ತಲ್ಲ, ಅದು ಮುಚ್ಚುವಷ್ಟು ಮೊದಲೇ ನೀರು ಹಾಕಿ, ಅಲ್ಲಿಗೆ ಸೊನ್ನೆ ಅಂತ ಗೆರೆ ಎಳೆದೆವು. ಒಂದು ರಾತ್ರಿ 20 ಮಿಲಿಮೀಟರ್ ಬಿತ್ತು. ನಮ್ಮ ಸಂಪು 2 ಮೀಟರ್ ಉದ್ದ, 2 ಮೀಟರ್ ಅಗಲ. 3,200 ಲೀಟರ್ ಬಂದರೆ ನೀರು 80 ಸೆಂಟಿಮೀಟರ್ ಏರಬೇಕು. ಬೆಳಗ್ಗೆ ಬಿದಿರು ಕೋಲು ಇಳಿಸಿ ನೋಡಿದರೆ ಏರಿದ್ದು 61.

"ಲೆಕ್ಕ ತಪ್ಪಾಯ್ತು ಸಾರ್" ಅಂತ ಒಬ್ಬಳು ಅಳಿಸೋಕೆ ಹೊರಟಳು. ಬೇಡಮ್ಮ, ಅಳಿಸಬೇಡ, ಉಳಿದ ನೀರು ಎಲ್ಲಿ ಹೋಯಿತು ಹುಡುಕು ಅಂದೆ. ಮತ್ತೆ ತಾರಸಿಗೆ ಓಡಿದರು. ಪೈಪಿನ ಬಾಯಿಗೆ ಹೊಂಗೆ ಎಲೆ ಕಟ್ಟಿಕೊಂಡಿತ್ತು. ಮೂಲೆಯಲ್ಲಿ ನೀರು ನಿಂತಿತ್ತು. ಒಣಗಿದ ಕಾಂಕ್ರೀಟ್ ಒಂದಿಷ್ಟು ಕುಡಿದಿತ್ತು. ಬಿದ್ದ ನೀರಿನಲ್ಲಿ ನೂರಕ್ಕೆ 76 ಪಾಲು ಮಾತ್ರ ಸಂಪಿಗೆ ಬರುತ್ತದೆ ಅನ್ನುವ ಅಂಕಿ ಹುಟ್ಟಿದ್ದು ಹೀಗೆ. ಯಾವ ಪುಸ್ತಕವೂ ಕೊಟ್ಟಿದ್ದಲ್ಲ, ಅವರದೇ.

ನಮ್ಮದು ಚಿತ್ರದುರ್ಗದ ಕಡೆಯ ಒಣ ಸೀಮೆ. ವರ್ಷಕ್ಕೆ 600 ಮಿಲಿಮೀಟರ್ ಮಳೆ ಅಂತ ಇಟ್ಟುಕೊಂಡರೆ ಸುಮಾರು 73,000 ಲೀಟರ್ ಆಗುತ್ತದೆ. 120 ಮಕ್ಕಳು, ತಲೆಗೆ ದಿನಕ್ಕೆ 5 ಲೀಟರ್. 121 ದಿನಕ್ಕೆ ಸಾಕು ಅಂತ ಬಂತು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅದೇ ಹುಡುಗಿ ಕೈ ಎತ್ತಿದಳು. "ಸಾರ್, ನಮ್ಮ ಸಂಪು ಹಿಡಿಯೋದೇ 6,000 ಲೀಟರ್. ಮಳೆ ಎಲ್ಲಾ ಒಟ್ಟಿಗೆ ಬಂದ್ರೆ ಚರಂಡಿಗೆ ಹೋಗುತ್ತಲ್ವಾ?"

ನಿಜ. ತುಂಬಿದ ಸಂಪು ಹತ್ತೇ ದಿನಕ್ಕೆ ಖಾಲಿ. ವರ್ಷದ ಸರಾಸರಿ ಹಿಡಿದುಕೊಂಡು ಸಂಪಿನ ಅಳತೆಯನ್ನೇ ಮರೆತಿದ್ದೆವು. ಆಮೇಲೆ ದಿನದಿನದ ಲೆಕ್ಕಕ್ಕೆ ಕೂತೆವು: ನಿನ್ನೆ ಉಳಿದಿದ್ದಕ್ಕೆ ಇಂದು ಬಂದಿದ್ದನ್ನು ಕೂಡಿಸು, ದಿನದ ಖರ್ಚು 600 ಕಳೆ, 6,000 ದಾಟಿದರೆ ಚೆಲ್ಲಿತು ಅಂತ ಬರೆ. ಮಳೆಯ ಅಂಕಿಗೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಇದೆ. ಪಂಚಾಯಿತಿ ಮಟ್ಟದಲ್ಲೇ ಅವರ ಮಳೆಮಾಪಕಗಳಿವೆ.

ಸಿಲಬಸ್ ಮುಗಿಯಬೇಕಲ್ಲ ಅಂತ ಸಹೋದ್ಯೋಗಿಗಳು ಕೇಳುತ್ತಾರೆ. ಕೇಳುವುದು ನ್ಯಾಯವೇ. ನನಗೆ ಒಟ್ಟು ಎಂಟು ಪೀರಿಯಡ್ ಜಾಸ್ತಿ ಹಿಡಿಯಿತು. ಆದರೆ ಘನಫಲ, ಶೇಕಡಾ, ಸರಾಸರಿ ಮೂರನ್ನೂ ಮತ್ತೆ ಹೇಳಿಕೊಡುವ ಕೆಲಸ ಬೀಳಲಿಲ್ಲ. ವರ್ಷಕ್ಕೆ ಇಂಥದ್ದೊಂದು ಪ್ರಶ್ನೆಗಾದರೂ ಜಾಗ ಮಾಡಿ ಅಂತ ಗಣಿತದ ಮೇಷ್ಟ್ರುಗಳನ್ನೆಲ್ಲ ಕೈಮುಗಿದು ಕೇಳುತ್ತೇನೆ.

ಈಗ ಅವರು ಇನ್ನೊಂದು ಸಂಪು ಎಷ್ಟು ದೊಡ್ಡದಿರಬೇಕು ಅಂತ ಲೆಕ್ಕ ಹಾಕುತ್ತಿದ್ದಾರೆ. ಮುಂದಿನ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಗೆ ಆ ಹುಡುಗಿಯೇ ಈ ಲೆಕ್ಕದ ಪಟ್ಟಿ ತರುತ್ತಾಳೆ. ದತ್ತ ಎಲ್ಲಿ ಅಂತ ಕೇಳಿದ್ದ ಹುಡುಗ ಬೆಳಗ್ಗೆ ಪ್ರಾರ್ಥನೆಗೂ ಮೊದಲೇ ಬಂದು ಬಾಟಲಿ ನೋಡುತ್ತಾನೆ, ಮಳೆ ಬರದ ದಿನವೂ. ಸೊನ್ನೆ ಅಂತ ಬರೆದು, ಪಕ್ಕಕ್ಕೆ ತಾರೀಖು ಹಾಕುತ್ತಾನೆ.