ಹೊಳೆಯ ನೆತ್ತಿಯ ಜಮೀನಿಗೆ ಕಟ್ಟುಪಾಡು ಬೇಕೇ?

ಪರ

ಜೋರು ಮಳೆಯ ಮರುದಿನ ಎರಡು ಹಳ್ಳಗಳು ಕೂಡುವಲ್ಲಿ ನಿಂತು ನೋಡಿ. ಕಾಡಿನಿಂದ ಇಳಿದ ಹಳ್ಳದಲ್ಲಿ ತಳದ ಕಲ್ಲು ಕಾಣುತ್ತಿರುತ್ತದೆ. ಇಳಿಜಾರಿನುದ್ದಕ್ಕೆ ಉತ್ತ ಹೊಲದಿಂದ ಬಂದ ಹಳ್ಳ ಕೆಂಪು ರಾಡಿ. ಆ ಕೆಂಪೆಲ್ಲ ಮೇಲ್ಮಣ್ಣು. ಒಂದು ಅಂಗುಲ ಮೇಲ್ಮಣ್ಣು ಹುಟ್ಟಲು ನೂರಾರು ವರ್ಷ ಬೇಕು. ಕೊಚ್ಚಿಹೋಗಿ ಕೆಳಗಿನ ಜಲಾಶಯದಲ್ಲಿ ಹೂಳಾಗಲು ಕೆಲವೇ ಮಳೆಗಾಲ ಸಾಕು. ಹೊಲಕ್ಕೆ ಹಾಕಿದ ಗೊಬ್ಬರ, ಕೀಟನಾಶಕಗಳೂ ಅದರ ಜೊತೆಗೇ ಇಳಿಯುತ್ತವೆ.

ನನ್ನ ಹೊಲ, ನನ್ನಿಷ್ಟ ಎನ್ನುವ ಮಾತು ಬದುವಿನಾಚೆ ನಿಲ್ಲುವುದಿಲ್ಲ. ಕಡಿದಾದ ಇಳಿಜಾರಿನಲ್ಲಿ ಉಳುಮೆ ಬೇಡ, ಹಳ್ಳದಂಚಿನಲ್ಲಿ ಮರ ಮತ್ತು ಹುಲ್ಲಿನ ಪಟ್ಟಿ ಉಳಿಯಲಿ, ಇಳಿಜಾರಿಗೆ ಅಡ್ಡಲಾಗಿ, ಒಂದೇ ಎತ್ತರದ ಗೆರೆಗುಂಟ ಬದು ಹಾಕಿ: ಇಷ್ಟನ್ನು ಕೇಳುವ ಹಕ್ಕು ಅದೇ ನೀರು ಕುಡಿಯುವ ಕೆಳಗಿನವರಿಗೆ ಖಂಡಿತ ಇದೆ.

ಇದಕ್ಕೆ ಹಣವೂ ಕಡಿಮೆ ಸಾಕು. ನ್ಯೂಯಾರ್ಕ್ ನಗರ 1997ರಲ್ಲಿ ತನಗೆ ಕುಡಿಯುವ ನೀರು ಬರುವ ಕ್ಯಾಟ್‌ಸ್ಕಿಲ್ ಬೆಟ್ಟಗಳ ಊರುಗಳೊಂದಿಗೆ ಒಪ್ಪಂದ ಮಾಡಿಕೊಂಡಿತು. ಮಾರಲು ಒಪ್ಪಿದವರಿಂದ ಜಮೀನು ಕೊಂಡಿತು, ಸಗಣಿ ನೀರು ಹಳ್ಳ ಸೇರದಂತೆ ತಡೆಯಲು ರೈತರಿಗೆ ನೆರವಾಯಿತು. ನೂರಾರು ಕೋಟಿ ಡಾಲರ್‌ಗಳ ನೀರು ಸೋಸುವ ಘಟಕ ಕಟ್ಟುವ ಪ್ರಮೇಯ ತಪ್ಪಿತು. ಆ ಬೆಟ್ಟದ ನೀರನ್ನು ಈಗಲೂ ಸೋಂಕು ನಿವಾರಿಸಿ, ಸೋಸದೆಯೇ ನಲ್ಲಿಗೆ ಬಿಡುತ್ತಾರೆ.

ವಿರೋಧ

ಆ ಒಪ್ಪಂದದ ಹಿಂದಿನ ಕಥೆಯನ್ನೂ ಹೇಳಬೇಕು. ಜಲಾಶಯಗಳಿಗಾಗಿ ಅದೇ ಬೆಟ್ಟಗಳ ಹಳ್ಳಿಗಳನ್ನು ನಗರ ಹಿಂದೆ ಮುಳುಗಿಸಿತ್ತು. 1990ರ ದಶಕದಲ್ಲಿ ಹೊಸ ನಿಯಮಗಳನ್ನು ಹೇರಹೊರಟಾಗ ಊರುಗಳು ಒಗ್ಗೂಡಿ ನ್ಯಾಯಾಲಯದ ಮೆಟ್ಟಿಲೇರಿದವು. ಮಾತುಕತೆ ಕುದುರಿದ್ದು ಆಮೇಲೆ. ವಕೀಲರನ್ನು ಹಿಡಿಯುವ ಶಕ್ತಿಯಿಲ್ಲದ ಬೆಟ್ಟದೂರುಗಳ ಪಾಡೇನು?

ನಿಯಮ ಎಲ್ಲರಿಗೂ ಒಂದೇ ಎನ್ನುತ್ತಾರೆ. ಹಳ್ಳದಂಚಿನಲ್ಲಿ 15 ಮೀಟರ್ ಬಿಡು ಎಂದರೆ 50 ಎಕರೆಯವನಿಗೆ ಅದು ಒಂದು ಅಂಚು ಮಾತ್ರ. ಅರ್ಧ ಎಕರೆಯ ಚೌಕ ಹೊಲದವನಿಗೆ ಹೆಚ್ಚುಕಡಿಮೆ ಮೂರನೇ ಒಂದು ಭಾಗ, ಅಂದರೆ ವರ್ಷದಲ್ಲಿ ನಾಲ್ಕು ತಿಂಗಳ ಊಟ. ಅವನು ಇಳಿಜಾರು ಹತ್ತಿದ್ದು ಆಸೆಯಿಂದಲ್ಲ; ತಗ್ಗಿನ ಫಲವತ್ತಾದ ನೆಲ ಅವನ ಪಾಲಿಗೆ ಬರಲೇ ಇಲ್ಲ. ಕೆಳಗಿನ ನಗರವೋ ನೀರು ಇಂಗುವ ನೆಲಕ್ಕೆಲ್ಲ ಕಾಂಕ್ರೀಟ್ ಹಾಕುತ್ತದೆ. ಅಲ್ಲಿ ಕಟ್ಟುಪಾಡಿನ ಮಾತೇ ಇಲ್ಲ.

ಕಟ್ಟುಪಾಡಿಲ್ಲದೆ ಹೂಳು ತಡೆಯಬಹುದೇ? ತಡೆದವರಿದ್ದಾರೆ. ಚಂಡೀಗಢದ ಸುಖ್ನಾ ಕೆರೆ 1958ರಲ್ಲಿ ಆದದ್ದು. 1970ರ ದಶಕದ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಹೂಳು ತುಂಬಿತ್ತು. ಅದರಲ್ಲಿ ಹೆಚ್ಚಿನದು ಬರುತ್ತಿದ್ದದ್ದು ಮೇಲಿನ ಸುಖೋಮಾಜ್ರಿ ಹಳ್ಳಿಯ ಬೋಳು ಗುಡ್ಡಗಳಿಂದ. ಅಲ್ಲಿ ಮಣ್ಣಿನ ಒಡ್ಡು ಕಟ್ಟಿ, ಅದರ ನೀರಿನಲ್ಲಿ ಭೂಮಿಯಿಲ್ಲದವರೂ ಸೇರಿ ಪ್ರತಿ ಮನೆಗೂ ಸಮಪಾಲು ಕೊಟ್ಟರು. ಪಾಲು ಸಿಕ್ಕ ಮೇಲೆ ಜನ ಗುಡ್ಡಕ್ಕೆ ಆಡು ಬಿಡುವುದನ್ನು ತಾವಾಗಿಯೇ ನಿಲ್ಲಿಸಿದರು, ಹುಲ್ಲು ಮತ್ತೆ ಬೆಳೆಯಿತು.

ಪರಿಹಾರ ಕೊಡುತ್ತೇವಲ್ಲ ಎನ್ನುವವರು ಅದು ಯಾರ ಕೈ ಸೇರುತ್ತದೆಂದು ನೋಡಲಿ. ಹಣ ಸಿಗುವುದು ಪಹಣಿಯಲ್ಲಿ ಹೆಸರಿರುವವನಿಗೆ. ಅದೇ ಹೊಲವನ್ನು ಗೇಣಿಗೆ ಮಾಡುತ್ತಿದ್ದವನಿಗೂ, ಅದೇ ಗುಡ್ಡದಿಂದ ಸೌದೆ ಹೊತ್ತು ತರುತ್ತಿದ್ದ ಹೆಂಗಸಿಗೂ ಸಿಗುವುದು ಬೇಲಿ ಮಾತ್ರ.